ಎರಡು ಮೊಪೆಡ್, ಒಂದೇ ಬೈಗುಳ

ನನ್ನ ಹೆಂಡತಿ ನನ್ನನ್ನು ಬೈಯುವುದು ಚಾಂಪಿಯನ್ ರೀಫ್ಸ್‌ನ ಹಳೇ ಚಿನ್ನದ ಗಣಿಯ ಮನೆಸಾಲುಗಳಲ್ಲಿ ಕೆಲವು ಕಾಲ ಪ್ರತಿದಿನ ಎರಡು ದಿಕ್ಕಿನಿಂದ ಕೇಳಿಸುತ್ತಿತ್ತು. ಒಂದು ನನ್ನ ಮೊಪೆಡ್ಡಿನಿಂದ, ಇನ್ನೊಂದು ನನ್ನದಲ್ಲದ ಮೊಪೆಡ್ಡಿನಿಂದ.

ನಾವು ಮನೆಯಲ್ಲಿ ದೋಸೆ ಹಿಟ್ಟು ರುಬ್ಬಿ ಮಾರುತ್ತೇವೆ. ನಿಜ ಹೇಳಬೇಕೆಂದರೆ ರುಬ್ಬುವುದು ಅವಳು, ಮಾರುವುದು ನಾನು. ಮಿಕ್ಕ ಹೊತ್ತಿನಲ್ಲಿ ನಾನು ಚಿಂತೆ ಮಾಡುತ್ತೇನೆ. ಹಿಟ್ಟು ಉಬ್ಬುತ್ತದೋ ಇಲ್ಲವೋ, ಉಬ್ಬಿದರೆ ಎಲ್ಲಿಗೆ ನಿಲ್ಲುತ್ತದೋ, ಮೋಡ ಕವಿದರೆ ಏನು ಗತಿ. ಮೊದಲು ಬೆಂಗಳೂರಿನ ಒಂದು ಬಟ್ಟೆ ಗೋದಾಮಿನಲ್ಲಿ ಕೆಲಸಕ್ಕಿದ್ದೆ. ಬಂಗಾರಪೇಟೆಯ ಮೇಲೆ ಹೋಗುವ ಬೆಳಗಿನ ರೈಲಿನಲ್ಲಿ ಕೂತು, ಈ ರೈಲು ತಡವಾದರೇನು ಎಂದು ಯೋಚಿಸುತ್ತಿದ್ದೆ. ಗೋದಾಮು ಮುಚ್ಚಿತು. ಯೋಚನೆ ಮಾತ್ರ ಕೆಲಸ ಬಿಡಲಿಲ್ಲ, ರೈಲಿನಿಂದ ಇಳಿದು ಹಿಟ್ಟಿನ ಡ್ರಮ್ಮಿಗೆ ಹತ್ತಿತು.

ನನ್ನ ಗಂಟಲು ಬೀದಿಯಲ್ಲಿ ಕೂಗುವ ಗಂಟಲಲ್ಲ. ಅದಕ್ಕೇ ಬಂಗಾರಪೇಟೆಯಿಂದ ಒಂದು ಸ್ಪೀಕರ್ ತಂದೆ. ಒಮ್ಮೆ ಹೇಳಿದ್ದನ್ನು ಸಾಯಂಕಾಲದವರೆಗೂ ಹೇಳುತ್ತಿರುತ್ತದೆ. ಹಿತ್ತಲಲ್ಲಿ ಕುಳಿತು, ಗುಂಡಿ ಒತ್ತಿ, ಎರಡು ಸಲ ಕೆಮ್ಮಿ ಶುರು ಮಾಡಿದೆ: "ದೋಸೆ ಹಿಟ್ಟು, ಇಡ್ಲಿ ಹಿಟ್ಟು... ದೋಸೈ ಮಾವು... ದೋಸೆ ಪಿಂಡಿ..." ಈ ಊರಿನಲ್ಲಿ ಮೂರು ಭಾಷೆಯಲ್ಲಿ ಕರೆಯದಿದ್ದರೆ ಮೂರರಲ್ಲಿ ಎರಡು ಬಾಗಿಲು ತೆರೆಯುವುದಿಲ್ಲ. ತೆಲುಗು ಮುಗಿಯುವಷ್ಟರಲ್ಲಿ ಒಳಗಿನಿಂದ ಬಂತು:

"ಯೋವ್! ಒಲೆ ಮೇಲೆ ಆಲು ಉಕ್ತಾ ಐತೆ, ಅಲ್ಲೇನ್ ಪದ ಆಡ್ಕೊಂಡ್ ಕೂತಿದೀಯಾ? ನೋಡ್ಕೋ ಅಂದಿದ್ನಾ ಇಲ್ವಾ?"

ಅದೂ ಅದರೊಳಗೆ ಸೇರಿಕೊಂಡಿತು. ಅಳಿಸಬಹುದಿತ್ತು. ಆದರೆ ಅಂಗಡಿಯವನು, ಕೆಂಪು ಗುಂಡಿ ಜಾಸ್ತಿ ಹೊತ್ತು ಒತ್ತಿದರೆ ಎಲ್ಲಾ ಹೋಗುತ್ತದೆ ಎಂದಿದ್ದ. ಆ "ಎಲ್ಲಾ" ಅನ್ನುವ ಮಾತಿಗೆ ನಾನು ಹೆದರಿದೆ. ಹಾಗೇ ಹೊರಟೆ.

ಮೊದಲ ದಿನ ಸೀಟಿನ ಮೇಲೆ ಆದಷ್ಟು ಸಣ್ಣಗಾಗಿ ಕೂತಿದ್ದೆ. ಆದರೆ ಜನ ನಗುತ್ತಾ ಪಾತ್ರೆ ಹಿಡಿದು ಬಂದರು. ಸಾಲಿನ ಕೊನೆಮನೆಯ ತಮಿಳು ಅಜ್ಜಿ, ಎಲ್ಲರ ಬಾಯಲ್ಲೂ ಪಾಟಿ, ದಿನವೂ ಕೇಳತೊಡಗಿದಳು: "ಏನ್ ತಂಬಿ, ಇವತ್ತೂ ಪಾಲು ಪೊಂಗಿಡ್ಚಾ?" ಹಾಲು ದಿನವೂ ಉಕ್ಕುತ್ತಿತ್ತು, ಹಿಟ್ಟು ದಿನವೂ ಖಾಲಿಯಾಗುತ್ತಿತ್ತು.

ವಿಷಯ ತಿಳಿದಾಗ ಹೆಂಡತಿ ಸೌಟು ಹಿಡಿದೇ ಹೊರಗೆ ಬಂದಳು. "ಊರೆಲ್ಲಾ ನನ್ ಬಾಯಿ ಮಾರ್ಕೊಂಡ್ ಬತ್ತಿದೀಯಾ?" ಆಮೇಲೆ ಖಾಲಿ ಡ್ರಮ್ಮು ನೋಡಿದಳು, ಸ್ಪೀಕರಿಗೆ ಕಿವಿಯಿಟ್ಟಳು. "ಓಗ್ಲಿ ಬುಡು. ದನಿ ಚೆನ್ನಾಗೇ ಬಂದೈತೆ," ಎಂದಳು.

ಹೀಗಿರುವಾಗ ಒಂದು ಬೆಳಿಗ್ಗೆ, ನಾನು ಒಂದು ಸಾಲಿನಲ್ಲಿ ಹಿಟ್ಟು ಅಳೆಯುತ್ತಿದ್ದಾಗ, ಪಕ್ಕದ ಸಾಲಿನಲ್ಲಿ ನಾನು ಕೆಮ್ಮಿದೆ. ನಾನು ಸತ್ತಿರಬಹುದೆಂದು ಒಂದು ಗಳಿಗೆ ಅನುಮಾನವಾಯಿತು. ಓಡಿಹೋಗಿ ನೋಡಿದರೆ ನನ್ನಂಥದೇ ಮೊಪೆಡ್, ನನ್ನಂಥದೇ ನೀಲಿ ಡ್ರಮ್, ಅದರ ಮೇಲೆ ನನ್ನಷ್ಟೇ ವಯಸ್ಸಿನ ಒಬ್ಬ ಆಸಾಮಿ. ಹಿಂದಿನ ವರ್ಷ ಪ್ಲಾಸ್ಟಿಕ್ ಬಿಂದಿಗೆ ಮಾರುತ್ತಿದ್ದವನು. ನನ್ನ ಸ್ಪೀಕರ್ ಪಕ್ಕದಲ್ಲಿ ಫೋನು ಹಿಡಿದು ಎಲ್ಲವನ್ನೂ ತುಂಬಿಕೊಂಡಿದ್ದ. ಕೆಮ್ಮು, ಮೂರು ಭಾಷೆ, ಹಾಲು, ಜೊತೆಗೆ ಆಗ ಬೊಗಳಿದ್ದ ಒಂದು ನಾಯಿ.

"ಏನ್ರೀ ಇದು? ನನ್ನ ದನಿ!"

"ದನಿಗೇನ್ ಪಟ್ಟಾ ಐತಾ ಅಣ್ಣಾ? ಅಕ್ಕ ಕೂಗುದ್ರೇನೇ ಜನ ಈಚೆ ಬರೋದು. ನಾನೇ ಕೂಗ್ ನೋಡ್ದೆ, ನಾಯಿನೂ ತಿರುಗ್ ನೋಡ್ಲಿಲ್ಲ."

"ಹಾಗಾದ್ರೆ ನಿಮ್ಮನೆಯವರ ಹತ್ರ ಬೈಸ್ಕೊಳ್ಳಿ."

"ನಮ್ಮವಳು ಬಾಯೇ ಬುಡಲ್ಲ ಅಣ್ಣಾ. ಸುಮ್ನೆ ನೋಡ್ತಾಳೆ. ನೋಟಾನ ಎಂಗ್ ರೆಕಾರ್ಡ್ ಮಾಡ್ಲಿ?"

ನಾನು ನನ್ನ ಸಾಲಿಗೆ ಮರಳಿ, ಅರ್ಧಕ್ಕೆ ಬಿಟ್ಟಿದ್ದ ಹಿಟ್ಟು ಅಳೆದೆ.

ದನಿ ಕದ್ದಿದ್ದಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಆದರೆ ಅವನ ಹಿಟ್ಟು ಹುಳಿ. ಬಾಯಿ ನನ್ನ ಹೆಂಡತಿಯದು, ಹಿಟ್ಟು ಅವನದು, ಹೆಸರು ಕೆಟ್ಟಿದ್ದು ಅವಳದು. "ನಿಮ್ಮ ಹೆಂಗಸಿನ ಕೈ ಕೆಟ್ಟೋಯ್ತಾ?" ಎಂದು ಪಾಟಿಯೇ ಕೇಳಿದಳು. ಮನೆಗೆ ಬಂದು ಇದನ್ನು ಹೇಳಿದೆ, ಹೇಳಬಾರದಿತ್ತು. ಹೆಂಡತಿ ಕಣ್ಣಲ್ಲಿ ನೀರು ತಂದುಕೊಂಡಳು. "ಮದುವೆಯಾದಾಗಿಂದ ನಾನ್ ರುಬ್ಬಿದ್ ಇಟ್ಟಿಗೆ ಯಾರೂ ಒಂದ್ ಮಾತು ಅಂದಿಲ್ಲ. ಏನಾದ್ರೂ ಮಾಡು."

ಏನಾದರೂ ಮಾಡು ಎಂದು ನನಗೆ ಹೇಳುವುದು ಅಪಾಯ. ನಾನು ಮಾಡಿಬಿಟ್ಟೆ. "ನಕಲಿ ಹಿಟ್ಟಿಗೆ ಮೋಸ ಹೋಗಬೇಡಿ, ಅಸಲಿ ನಮ್ಮದೇ" ಎಂದು ಸ್ಪೀಕರಿಗೆ ಸೇರಿಸಿದೆ. ಮಾರನೇ ದಿನ ಅವನ ಮೊಪೆಡ್ಡೂ ಅದನ್ನೇ ಹೇಳಿತು. ಎದುರುಬದುರು ಸಿಕ್ಕಾಗ ನನ್ನದೇ ದನಿ ನನ್ನನ್ನು ನಕಲಿ ಎಂದು ಕರೆದು ಮುಂದೆ ಹೋಯಿತು. ಜಗಲಿಯ ಮೇಲೆ ಪೇಪರ್ ಓದುತ್ತಿದ್ದ ಹಿರಿಯರೊಬ್ಬರು ಕನ್ನಡಕ ಎತ್ತಿ, "ಯಾರಪ್ಪಾ ಅಸಲಿ?" ಎಂದರು.

"ನಾನೇ ಸಾರ್."

"ಈಗ ಗಾಡೀಲಿ ಆ ಕಡೆ ಓದ್ನಲ್ಲ, ಅವ್ನೂ ನಿನ್ ಬಾಯಲ್ಲೇ ಅಂಗಂದ."

ಆಮೇಲೆ ನನಗೆ ಹೊಳೆದದ್ದನ್ನು ನನ್ನ ಬದುಕಿನ ದೊಡ್ಡ ಉಪಾಯ ಎಂದು ಅಂದುಕೊಂಡಿದ್ದೆ. ಅವನು ನಕಲು ಮಾಡಲಾಗದ್ದು ಏನು? ನಮ್ಮ ಮನೆ! ಹೊಸದಾಗಿ ಸೇರಿಸಿದೆ: "ಹಿಟ್ಟು ಹುಳಿ ಬಂದಿದ್ದರೆ ನೀರಿನ ಟ್ಯಾಂಕ್ ಪಕ್ಕದ ಮನೆಗೆ ತಂದುಕೊಡಿ, ಹೊಸ ಹಿಟ್ಟು ಕೊಡುತ್ತೇವೆ." ನಮ್ಮ ಹಿಟ್ಟು ಹುಳಿ ಬರುವುದಿಲ್ಲ. ಅವನ ಮನೆ ಟ್ಯಾಂಕಿನ ಪಕ್ಕದಲ್ಲಿಲ್ಲ. ಎರಡು ಕಡೆಯಿಂದಲೂ ಬಿಗಿ.

ಅವನು ಅದನ್ನೂ ತುಂಬಿಕೊಂಡ. ಕೇಳಿ ತುಂಬಿಕೊಳ್ಳುವ ಅಭ್ಯಾಸ ಅವನಿಗಿರಲಿಲ್ಲ, ಬರೀ ತುಂಬಿಕೊಳ್ಳುತ್ತಿದ್ದ.

ಸಂಜೆಗೆ ನಮ್ಮ ಬಾಗಿಲಲ್ಲಿ ಸಾಲು ನಿಂತಿತ್ತು. ಪ್ರತಿಯೊಬ್ಬರ ಕೈಯಲ್ಲೂ ಒಂದು ಪಾತ್ರೆ, ಪಾತ್ರೆಯಲ್ಲಿ ಅವನ ಹುಳಿ ಹಿಟ್ಟು.

"ಇದು ನಮ್ಮದಲ್ಲಮ್ಮಾ," ಎಂದೆ.

"ಟ್ಯಾಂಕ್ ಪಕ್ಕದ್ ಮನೆ ಇದೇ ತಾನೇ?"

"ಇದೇ. ಆದ್ರೆ ಆ ಮೊಪೆಡ್ಡು—"

ಅಷ್ಟರಲ್ಲಿ ಒಳಗಿನಿಂದ, "ಯೋವ್, ಬಾಗ್ಲಲ್ಲಿ ಯಾರ್ನ ನಿಲ್ಲಿಸ್ಕೊಂಡಿದೀಯಾ?" ಎಂದು ಬಂತು.

"ಇದೇ ಕಣೇ, ಇದೇ ದನಿ!" ಎಂದು ಸಾಲಿಗೆ ಸಾಲೇ ಒಳಗೆ ನುಗ್ಗಿತು.

ಹೆಂಡತಿ ವಾದ ಮಾಡಲಿಲ್ಲ. ಎಲ್ಲರಿಗೂ ನಾಳೆಗೆಂದು ಇಟ್ಟಿದ್ದ ಹಿಟ್ಟು ಕೊಟ್ಟಳು. "ನನ್ ಬಾಯಲ್ಲಿ ಬಂದ ಮೇಲೆ ಮುಗೀತು," ಎಂದಳು. ಉಳಿದದ್ದು ಒಂದು ದೊಡ್ಡ ಹಂಡೆ ಹುಳಿ ಹಿಟ್ಟು. ಚೆಲ್ಲಲು ನಾನು ಎತ್ತಿದರೆ ಕೈಗೆ ಒಂದೇಟು ಬಿತ್ತು. ಬೂದಿಕೋಟೆ ಪಕ್ಕದ ತವರಿನಿಂದ ತಂದಿದ್ದ ಕಬ್ಬಿಣದ ಗುಳಿ ಹಂಚು ಅಟ್ಟದಿಂದ ಇಳಿಯಿತು. ಈರುಳ್ಳಿ, ಹಸಿಮೆಣಸು, ಕೊತ್ತಂಬರಿ. ಪಡ್ಡಿಗೆ ಬೇಕಾಗಿರುವುದೇ ಹುಳಿ ಹಿಟ್ಟು. ಬದಲಿ ಹಿಟ್ಟಿಗೆ ಬಂದವರು ಪಡ್ಡು ತಿಂದು, ಮನೆಗೂ ಕಟ್ಟಿಸಿಕೊಂಡು ಹೋದರು. ಮರುಸಂಜೆ ಹಿಟ್ಟು ತರದವರೂ ಬಂದರು. ಪಾಟಿ ಹಲ್ಲಿಲ್ಲದ ಬಾಯಲ್ಲಿ ಒಂದನ್ನು ಬಹಳ ಹೊತ್ತು ತಿಂದು, ಕೈ ಕೆಟ್ಟಿಲ್ಲ ಎಂದು ತೀರ್ಪು ಕೊಟ್ಟಳು.

ನನಗೆ ಹೊಸ ಚಿಂತೆ ಹತ್ತಿತು: ಆ ಆಸಾಮಿಯ ಹಿಟ್ಟು ಸುಧಾರಿಸಿಬಿಟ್ಟರೆ ನಮ್ಮ ಪಡ್ಡಿನ ಗತಿಯೇನು?

ಸುಧಾರಿಸಲಿಲ್ಲ. ಒಂದು ಸಂಜೆ ಅವನೇ ಬಂದ, ಮಾರಾಟವಾಗದ ಡ್ರಮ್ಮಿನ ಸಮೇತ.

"ಉಳಿ ಬಂದ್ಬುಟ್ಟೈತೆ ಅಣ್ಣಾ. ಇಲ್ಲಿ ತಂದ್ಕೊಟ್ರೆ ಒಸಾದು ಕೊಡ್ತಾರಂತೆ."

"ಯಾರು ಹೇಳಿದ್ದು?"

"ಬೆಳಗ್ಗಿಂದ ಸಾಯಂಕಾಲದ್ ಗಂಟ ನಾನೇ ಕೇಳಿಸ್ಕೊಂತಿದೀನಲ್ಲ!"

ಅವನು ಹಾಸ್ಯ ಮಾಡುತ್ತಿರಲಿಲ್ಲ. ಹೆಂಡತಿ ಹೊರಗೆ ಬಂದಳು. ಡ್ರಮ್ಮಿನ ಮುಚ್ಚಳ ತೆಗೆದು ಮೂಗು ಮುಚ್ಚಿಕೊಂಡು, "ಎಲ್ಲಿ ಮಡಗ್ತೀಯಾ ಇದನ್ನ?" ಎಂದಳು.

"ತಗಡಿನ ಶೆಡ್‌ನಾಗೆ ಅಕ್ಕಾ."

"ಬಿಸ್ಲಲ್ಲಿ ತಗಡು ಕಾಯ್ತದೆ ಅಂತ ಗೊತ್ತಾಗಲ್ವಾ? ಅಷ್ಟೂ ಬುದ್ಧಿ ಬ್ಯಾಡ್ವಾ? ಯಾವ್ ಲೋಕದಾಗ್ ಇರ್ತೀಯಾ? ನಾಳೆಯಿಂದ ರುಬ್ಬಬ್ಯಾಡ. ನನ್ ಇಟ್ಟೇ ತಗೊಂಡೋಗಿ ಮಾರು. ಮೇಲೆ ನನ್ ಬಾಯಿ ಕೂಗ್ತಿದ್ರೆ ಒಳಗೆ ಬ್ಯಾರೆಯವರ ಇಟ್ಟು ಇರಬಾರ್ದು, ತಿಳೀತಾ?"

ಅವನು ತಲೆ ತಗ್ಗಿಸಿ, ಎಡಗಿವಿ ಕೆರೆಯುತ್ತಾ, ಕಾಲಿನ ಹೆಬ್ಬೆರಳಲ್ಲಿ ನೆಲ ತಿಕ್ಕುತ್ತಾ ನಿಂತಿದ್ದ. ಆ ನಿಲುವು ನನ್ನದು. ಆ ರಾಗ, ಆ "ಅಷ್ಟೂ ಬುದ್ಧಿ ಬ್ಯಾಡ್ವಾ" ನನ್ನದು, ಇಷ್ಟು ವರ್ಷ ನಾನೊಬ್ಬನೇ ಕೇಳಿಸಿಕೊಂಡು ಬಂದದ್ದು. ದನಿ ಹೋದಾಗ ಕೂಡ ಇಷ್ಟು ಸಂಕಟವಾಗಿರಲಿಲ್ಲ.

"ಬೈದಿದ್ದು ಸಾಕು ಬಿಡೇ," ಎಂದೆ.

ಹೆಂಡತಿ ನನ್ನ ಕಡೆ ತಿರುಗಿದಳು. "ನೀನ್ ಮಧ್ಯೆ ಬಾಯಾಕಬ್ಯಾಡ. ಅವ್ನ್ ನೋಡಿ ಕಲ್ತ್ಕೋ, ಬೈದ್ರೆ ಎಷ್ಟ್ ಚೆನ್ನಾಗಿ ಕೇಳಿಸ್ಕೊಂತಾನೆ!"