ಸಡಿಲ ಕೀಲಿನ ಚಾಕು

ಆ ಕಾಲವೇ ಬೇರೆ ಎಂದು ಶುರುಮಾಡುವವರ ಮುಂದೆ ನನಗೆ ಹೆಚ್ಚು ಹೊತ್ತು ಕೂರಲಾಗುವುದಿಲ್ಲ. ಅವರ ಬಾಲ್ಯದಲ್ಲಿ ಎಲ್ಲ ಮಾವಿನಹಣ್ಣೂ ಸಿಹಿ, ಎಲ್ಲ ಬಡತನವೂ ನೆಮ್ಮದಿ. ನನ್ನ ಬಾಲ್ಯ ಕಳೆದದ್ದು ಕಾರ್ಖಾನೆಗಳೇ ತುಂಬಿದ್ದ ಪೀಣ್ಯದಲ್ಲಿ. ಅಲ್ಲಿ ಮೊದಲ ಮಳೆಗೆ ಮಣ್ಣಿನ ವಾಸನೆ ಏಳುತ್ತಿರಲಿಲ್ಲ, ಮೆಷಿನ್ ಎಣ್ಣೆಯ ವಾಸನೆ ಏಳುತ್ತಿತ್ತು. ರಸ್ತೆಯಲ್ಲಿ ನಿಂತ ನೀರಿನ ಮೇಲೆ ಏಳು ಬಣ್ಣ ತೇಲುತ್ತಿತ್ತು. ನಾವು ಹುಡುಗಿಯರು ಲೇತಿನಿಂದ ಬಿದ್ದ ಕಬ್ಬಿಣದ ಸುರುಳಿಗಳನ್ನು ಆಯ್ದು ತಂದು ಬಳೆ ಎಂದು ತೊಟ್ಟು, ಕೈ ಕುಯ್ದುಕೊಂಡು, ಮನೆಯಲ್ಲಿ ಬೈಸಿಕೊಳ್ಳುತ್ತಿದ್ದೆವು. ಇದನ್ನೆಲ್ಲ ಸೊಗಸು ಎಂದು ಈಗ ಬರೆದರೆ ಸುಳ್ಳಾಗುತ್ತದೆ.

ಆದರೂ ಒಂದು ಬೇಸಿಗೆಯ ಬಗ್ಗೆ ಬರೆಯಬೇಕಾಗಿದೆ. ಕಾರಣ, ಈಚೆಗೆ ನಾನು ಅಪ್ಪನಿಗಾಗಿ ಒಂದು ಮಡಚುವ ಚಾಕು ಹುಡುಕುತ್ತ ಫೋನು ಹಿಡಿದು ಕೂತಿದ್ದೆ. ದಿನವೂ ಜೇಬಿನಲ್ಲಿಟ್ಟುಕೊಳ್ಳಲು ಒಳ್ಳೆಯ ಚಾಕು ಆರಿಸುವುದು ಹೇಗೆ ಎಂದು ಹೇಳಿಕೊಡಲು ಒಂದು ದೊಡ್ಡ ಪಂಥವೇ ಇದೆಯೆಂದು ಆಗ ತಿಳಿಯಿತು. ಗಡ್ಡ ಟ್ರಿಮ್ ಮಾಡಿಸಿದ ಗಂಡಸರು ಉಕ್ಕಿನ ನಂಬರನ್ನು ಗೋತ್ರ ಹೇಳುವ ಹಾಗೆ ಹೇಳುತ್ತಾರೆ. ಚಾಕುವಿನಿಂದ ಕಾಗದ ಸೀಳಿ ತೋರಿಸುತ್ತಾರೆ. ಇಷ್ಟೆಲ್ಲ ಆರಿಸಿ ಆಮೇಲೆ ಕುಯ್ಯುವುದೇನನ್ನು? ಮನೆಗೆ ಬಂದ ಕೊರಿಯರ್ ಡಬ್ಬವನ್ನು. ಆ ಡಬ್ಬದಲ್ಲಿ ಬಹುಶಃ ಇನ್ನೊಂದು ಚಾಕು ಇರುತ್ತದೆ. ಇವರೆಲ್ಲರೂ ಒಂದು ಮಾತಿನಲ್ಲಿ ಮಾತ್ರ ಒಮ್ಮತದವರು: ಚಾಕುವಿನ ಕೀಲು ಬಿಗಿಯಾಗಿರಬೇಕು, ಅಲಗು ಒಂದಿಷ್ಟೂ ಅಲುಗಬಾರದು. ಅಲುಗಿದರೆ ಅದು ಕಸ.

ನಮ್ಮ ಮನೆ ಹಲವು ವರ್ಷ ಅಂಥ ಕಸದ ಮೇಲೆಯೇ ನಡೆಯಿತು.

ಅಪ್ಪ ಒಂದು ಸಣ್ಣ ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್ ಮೆಷಿನ್ ಓಡಿಸುತ್ತಿದ್ದ. ನಾನು ಪ್ರೈಮರಿ ಶಾಲೆಯಲ್ಲಿದ್ದಾಗ ಒಂದು ಚಳಿಗಾಲ ಅವನ ಬಲಗೈ ಮೆಷಿನ್ನಿಗೆ ಸಿಕ್ಕಿತು. ಹೆಬ್ಬೆರಳು ಪೂರ್ತಿ ಹೋಯಿತು, ತೋರುಬೆರಳು ಅರ್ಧ ಹೋಯಿತು. ಅರ್ಧ ಎಂದು ಬರೆದ ಮೇಲೆ ಅನುಮಾನ ಬಂತು. ಆ ಕೈ ಈಗಲೂ ಪಕ್ಕದ ಕೋಣೆಯಲ್ಲಿ ಟಿವಿ ರಿಮೋಟ್ ಹಿಡಿದು ಕೂತಿದೆಯಲ್ಲ, ಎದ್ದು ಹೋಗಿ ನೋಡಿಬಂದೆ. ಅರ್ಧವಲ್ಲ, ಹೋಗಿರುವುದು ತುದಿ ಮಾತ್ರ. ಇಷ್ಟು ವರ್ಷ ಎದುರಿಗೇ ಇರುವ ಬೆರಳನ್ನೇ ನನ್ನ ನೆನಪು ತುಂಡು ಮಾಡಿಟ್ಟಿದೆ. ಮುಂದಿನದನ್ನು ಓದುವವರು ಇದನ್ನು ಗಮನದಲ್ಲಿಟ್ಟುಕೊಳ್ಳಬೇಕು.

ಗಾಯ ಒಣಗಿದ ಮೇಲೆ ಓನರ್ ಅಪ್ಪನನ್ನು ಸ್ಟೋರಿಗೆ ಹಾಕಿದ. ಬಂದ ಮಾಲಿನ ಡಬ್ಬಗಳನ್ನು ಏಣಿ ಹತ್ತಿ ಇಳಿಸಿ, ಪಟ್ಟಿ, ಹಗ್ಗ ಕತ್ತರಿಸಿ ಬಿಚ್ಚುವುದು ಅಲ್ಲಿಯ ಕೆಲಸ. "ಮಳೆಗಾಲ ಹಿಡಿಯೋ ತನಕ ನೋಡೋಣ" ಎಂದು ಓನರ್ ಹೇಳಿದ್ದ. ಆ ಮಾತಿನ ಅರ್ಥ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ನನಗೂ. ಏಣಿಯ ಮೇಲೆ ಬಿಚ್ಚಿದ ಚಾಕು ಹಿಡಿದು ಹತ್ತುವಂತಿರಲಿಲ್ಲ. ಬ್ಲೇಡಿನ ಕಟ್ಟರ್ ತುದಿ ಮುರಿದು ಮಾಲಿನೊಳಗೆ ಬೀಳುತ್ತದೆ ಎಂದು ಅದನ್ನೂ ಬೇಡವೆಂದಿದ್ದರು. ಹಾಗಾಗಿ ಮಡಚಿ ಜೇಬಿಗೆ ಹಾಕಿಕೊಳ್ಳುವ ಚಾಕುವೇ ಆಗಬೇಕು. ಅದು ಸಿಗುವವರೆಗೆ ಅಪ್ಪ ಪ್ರತಿ ಡಬ್ಬಕ್ಕೂ ಯಾರನ್ನಾದರೂ ಕರೆಯುತ್ತಿದ್ದ. ಒಂದು ಡಬ್ಬ ಬಿಚ್ಚಲು ಇಬ್ಬರು ಯಾಕೆ ಎಂದು ಓನರ್ ಆಗಲೇ ಒಮ್ಮೆ ಕೇಳಿದ್ದನಂತೆ.

ಅಪ್ಪನ ಅಂಗಿಯಲ್ಲಿ ಎಣ್ಣೆಯ ವಾಸನೆ ಹೋಗಿ ರಟ್ಟಿನ ವಾಸನೆ ಬರತೊಡಗಿತ್ತು. ನನಗೆ ಆ ಹೊಸ ವಾಸನೆ ಇಷ್ಟವಾಗಿತ್ತು. ಅಮ್ಮ ಮಾತ್ರ ಅಂಗಿ ಒಗೆಯುವಾಗ ಒಮ್ಮೆ ಮೂಸಿ ನೋಡಿ ಬೇಗ ನೀರಿಗೆ ಅದ್ದುತ್ತಿದ್ದಳು.

ಆ ಬೇಸಿಗೆ ನಮ್ಮ ವಠಾರದವರಿಗೆಲ್ಲ ಅಪ್ಪನಿಗೊಂದು ಚಾಕು ಹುಡುಕುವುದೇ ಕೆಲಸವಾಯಿತು. ನಮ್ಮಲ್ಲಿ ಚಾಕುವನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ಕೊಟ್ಟರೆ ಇಬ್ಬರ ನಡುವೆ ಜಗಳ ಬರುತ್ತದೆ. ತಂದವರು ನೆಲದ ಮೇಲಿಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ತಂದವರು ನೆಲದ ಮೇಲಿಡುತ್ತಿದ್ದರು. ಅಪ್ಪ ಎತ್ತಿಕೊಳ್ಳುತ್ತಿರಲಿಲ್ಲ. ಗೋಡೆಗೊರಗಿ ಕೂತು, "ಪುಟ್ಟಿ, ತೆಗಿ ನೋಡಣ" ಎನ್ನುತ್ತಿದ್ದ. ನಾನು ಉಗುರು ಸಿಕ್ಕಿಸಿ ಅಲಗನ್ನು ಎಳೆದು ತೆಗೆಯುತ್ತಿದ್ದೆ. ಅಪ್ಪ ದೂರದಿಂದಲೇ ನೋಡಿ ತೀರ್ಪು ಕೊಡುತ್ತಿದ್ದ.

ಪಕ್ಕದ ಮನೆಯ ರಂಗಣ್ಣ ಲೇತ್ ಕೆಲಸದವನು. ಸವೆದ ಗರಗಸದ ಬ್ಲೇಡನ್ನು ಉಜ್ಜಿ, ಹಿತ್ತಾಳೆಯ ಹಿಡಿ ಹಾಕಿ ಒಂದು ಚಾಕು ಮಾಡಿಕೊಂಡು ಬಂದ.

"ಇದೂ ಒಂದ್ ಚಾಕಾ?" ಎಂದ ಅಪ್ಪ. "ಗರಗಸಕ್ಕೆ ಹುಟ್ಟಿದ್ದು ಗರಗಸಾನೇ ಕಣೋ. ಮರ ಕುಯ್ಯಕ್ ಇಟ್ಕೋ."

ಇನ್ನೊಬ್ಬರು ಕೀಚೈನಿನ ಚಾಕು ತಂದರು. "ಇದ್ರಲ್ಲಿ ಉಗುರು ತೆಗೀಬೋದು. ಅದೂ ಮಗೀಂದು." ಮತ್ತೊಬ್ಬರು ಮೆಜೆಸ್ಟಿಕ್ಕಿನ ಫುಟ್‌ಪಾತಿನಿಂದ ಬಣ್ಣದ ಕಲ್ಲು ಕೂರಿಸಿದ್ದೊಂದನ್ನು ತಂದಿಟ್ಟರು. ಅಪ್ಪ ಅದನ್ನು ತುಂಬ ಹೊತ್ತು ನೋಡಿ, "ಅಲ್ಲಾ, ಇದು ಚಾಕುನೋ, ಮದ್ವೆ ಗಂಡೋ?" ಎಂದ.

ತಂದವರೂ ನಗುತ್ತಿದ್ದರು, ನೋಡಲು ಬಂದವರೂ ನಗುತ್ತಿದ್ದರು. ಅಪ್ಪ ಯಾವ ವಸ್ತುವಿಗೂ ಸೋಲದ ಮನುಷ್ಯ ಎಂದು ನನಗೆ ಹೆಮ್ಮೆ. ಅವನ ಮಾತು ನನ್ನ ಬಾಯಿಗೂ ಅಂಟಿತು. ಚೌಕಾಬಾರದಲ್ಲಿ ಸೋತರೆ "ಇದೂ ಒಂದ್ ಆಟಾನಾ" ಎಂದು ಕವಡೆ ಎಸೆದು ಏಳುತ್ತಿದ್ದೆ. ಅಮ್ಮ ಮಾಡಿದ ಬಸ್ಸಾರಿಗೂ ಒಂದು ದಿನ ಹಾಗೇ ಅಂದು ಬೆನ್ನಿಗೆ ಏಟು ತಿಂದೆ. ಚಾಕು ವಿಮರ್ಶಕರನ್ನು ನೋಡಿ ಈಗ ನನಗೆ ಉಕ್ಕುವ ತಾತ್ಸಾರ ನನ್ನ ಸ್ವಂತದ್ದೋ, ಆ ಬೇಸಿಗೆಯಲ್ಲಿ ಅಪ್ಪನಿಂದ ಎತ್ತಿಕೊಂಡದ್ದೋ ಎಂದು ಖಚಿತವಾಗಿ ಹೇಳಲಾರೆ.

ಹೀಗಿರುವಾಗ ಒಂದು ಭಾನುವಾರ ನಾಗರಾಜ ಮಾವ ಬಂದ. ಅಮ್ಮನ ತಮ್ಮ. ಊರೊಳಗೆ ಒಂದು ಸೂಟ್‌ಕೇಸ್ ಅಂಗಡಿಯಲ್ಲಿ ಮಾರಾಟಕ್ಕೆ ನಿಲ್ಲುತ್ತಿದ್ದ. ವಿಮಾನ ಹತ್ತುವವರಿಗೆ ಪೆಟ್ಟಿಗೆ ತೋರಿಸಿ ತೋರಿಸಿ, ತಾನೂ ಅರ್ಧ ವಿಮಾನ ಹತ್ತಿದವನಂತೆ ಮಾತಾಡುತ್ತಿದ್ದ. ನಾವೆಲ್ಲ ನೆಲದ ಮೇಲೆ ಕೂತು ತೋತಾಪುರಿ ಕಾಯಿಗೆ ಉಪ್ಪು ಖಾರ ಹಚ್ಚಿ ತಿನ್ನುತ್ತಿದ್ದೆವು. ಮಾವ ಜೇಬಿನಿಂದ ಒಂದು ಕೆಂಪು ಚಾಕು ತೆಗೆದ. ಅದರೊಳಗೆ ಕತ್ತರಿ, ಸ್ಕ್ರೂಡ್ರೈವರ್, ಹಲ್ಲುಕಡ್ಡಿ ಎಲ್ಲ ಇದ್ದವು. ಕೆಂಪಲ್ಲ, ಕಪ್ಪು ಎನ್ನುತ್ತಾಳೆ ಅಮ್ಮ. ಇರಬಹುದು.

"ಭಾವ, ಫಾರಿನ್ದು ಇದು. ಜರ್ಮನಿ."

"ಎಲ್ ಬರ್ದೈತೆ?" ಎಂದ ಅಪ್ಪ.

"ಬರೀಬೇಕಾ? ತೂಕ ನೋಡಿ ಗೊತ್ತಾಗಲ್ವ. ಹಿಡ್ಕೊಳಿ."

ಮಾವ ಕೈ ಚಾಚಿದ. ಅಮ್ಮ ಥಟ್ಟನೆ, "ಲೋ, ಕೆಳಗಿಡೋ. ಕೈಗ್ ಕೊಡ್ತಾರಾ ಚಾಕುನ?" ಎಂದಳು.

"ಯಾವ್ ಕಾಲದಲ್ಲಿದೀಯಕ್ಕ ನೀನು. ಜಗಳ ಆದ್ರೆ ನಾನ್ ನೋಡ್ಕೋತೀನಿ" ಎಂದು ನಗುತ್ತ ಮಾವ ಅದನ್ನು ಅಪ್ಪನ ಬಲಗೈಯಲ್ಲೇ ಇಟ್ಟ.

ಅದು ಉಳಿದ ಬೆರಳುಗಳ ಮೇಲೆ ಒಂದು ಕ್ಷಣ ನಿಂತು, ಜಾರಿ, ಉಪ್ಪು ಖಾರದ ತಟ್ಟೆಗೆ ಬಿತ್ತು.

ಅಪ್ಪ ಎಡಗೈಯಿಂದ ಎತ್ತಿಕೊಂಡ. ಖಾರ ಒರೆಸಿದ. ಎಲ್ಲರೂ ನೋಡುತ್ತಿದ್ದರಿಂದ ಈ ಸಲ ನನ್ನನ್ನು ಕರೆಯುವಂತಿರಲಿಲ್ಲ. ಎಡಗೈಯೊಂದರಲ್ಲೇ ಅಲಗನ್ನು ತೆಗೆಯಲು ಹೋದ. ಕೀಲು ಬಿಗಿ, ಬರಲಿಲ್ಲ. ಬಲಗೈಯಿಂದ ಮೊಣಕಾಲಿಗೆ ಒತ್ತಿ ಹಿಡಿದು ಎಳೆದ. ಚಾಕು ತಿರುಗಿಕೊಂಡು ಮತ್ತೆ ಬಿತ್ತು.

"ಉಗುರು ಬಿಟ್ಕೊಳಿ ಭಾವ" ಎಂದ ಮಾವ. ಪುಣ್ಯಾತ್ಮನಿಗೆ ಅಷ್ಟಾದರೂ ಏನಾಗುತ್ತಿದೆ ಎಂದು ತಿಳಿಯಲಿಲ್ಲ. ಚಾಕು ಎತ್ತಿಕೊಂಡು ಒಳಗಿದ್ದದ್ದನ್ನೆಲ್ಲ ನವಿಲು ಗರಿ ಬಿಚ್ಚಿದ ಹಾಗೆ ಬಿಚ್ಚಿ ತೋರಿಸಿದ. ಆಮೇಲೆ ಒಂದು ಕಾಯಿ ಹೋಳು ಮಾಡಲು ಹೋದ. ಜರ್ಮನಿಯ ಅಲಗು ಪೀಣ್ಯದ ತೋತಾಪುರಿಯ ಓಟೆಗೆ ಸಿಕ್ಕಿಕೊಂಡಿತು. ಎಳೆದರೂ ಬರಲಿಲ್ಲ. ನಾನು ಬಿದ್ದು ಬಿದ್ದು ನಕ್ಕೆ. ಅಪ್ಪನ ಮಾತಿಗಾಗಿ ಅವನ ಮುಖ ನೋಡಿದೆ. ಅವನಿಗೆ ಅದಕ್ಕಿಂತ ಒಳ್ಳೆಯ ಅವಕಾಶ ಯಾವತ್ತೂ ಸಿಕ್ಕಿರಲಿಲ್ಲ. ಅಪ್ಪ ನಗಲಿಲ್ಲ. "ಚಾಕುಗೆ ಎಣ್ಣೆ ಸವರ್ಕೊಂಡ್ ತಂದವ್ನೆ, ಜಾರ್ತೈತೆ" ಎಂದು ಯಾರಿಗೂ ಕೇಳದ ಹಾಗೆ ಹೇಳಿ ಕೈ ತೊಳೆಯಲು ಎದ್ದುಹೋದ.

ಬಂದ ಚಾಕುಗಳಲ್ಲಿ ಒಂದಾದರೂ ಕೆಟ್ಟದಿತ್ತೋ ಇಲ್ಲವೋ. ಅವನಿಗೆ ಅವನ್ನು ತೆರೆಯಲಾಗುತ್ತಿರಲಿಲ್ಲ. ಏಣಿಯ ಮೇಲೆ ಬಲಗೈಯನ್ನು ಮೆಟ್ಟಿಲಿಗೆ ಸುತ್ತಿ ಹಿಡಿದರೆ ಚಾಕು ತೆರೆಯಲು ಉಳಿಯುವುದು ಎಡಗೈ ಒಂದೇ. ಅದನ್ನು ಯಾರಿಗೂ ಹೇಳದೆ ಮುಚ್ಚಿಡಲು ಬೈಗುಳ ಅವನಿಗೆ ಸಾಕಾಗಿತ್ತು, ಆ ಭಾನುವಾರದವರೆಗೆ.

ಮಾರನೆಯ ದಿನ ಅಮ್ಮ ನನ್ನನ್ನು ಕರೆದುಕೊಂಡು ಗುಜರಿ ಅಂಗಡಿಗೆ ಹೋದಳು. ತಗಡು, ಬೇರಿಂಗು, ಮುರಿದ ಫ್ಯಾನುಗಳ ರಾಶಿಯ ನಡುವೆ ಒಂದು ಡಬ್ಬಿಯ ತುಂಬ ಹಳೆಯ ಚಾಕುಗಳಿದ್ದವು. ಅಮ್ಮ ಬಲಗೈಯನ್ನು ಸೆರಗಿನಲ್ಲಿ ಗಟ್ಟಿಯಾಗಿ ಸುತ್ತಿಕೊಂಡು, ಎಡಗೈಯಿಂದ ಒಂದೊಂದನ್ನೇ ಎತ್ತಿ ಝಾಡಿಸಿದಳು. ತೆರೆಯದ್ದನ್ನು ಪಕ್ಕಕ್ಕೆಸೆದಳು.

"ಕೈಗೇನಾಯ್ತಕ್ಕ?" ಎಂದು ಗುಜರಿಯವನು ಕೇಳಿದ.

"ಏನೂ ಆಗಿಲ್ಲ."

ಕೊನೆಗೆ ಮರದ ಹಿಡಿಯ ಒಂದು ಚಾಕು ಸಿಕ್ಕಿತು. ಕೀಲು ಸವೆದು ಲೊಡಲೊಡ ಅನ್ನುತ್ತಿತ್ತು. ಝಾಡಿಸಿದರೆ ಅಲಗು ತಾನೇ ಹೊರಗೆ ಬಂದು ಟಕ್ಕೆಂದು ನಿಲ್ಲುತ್ತಿತ್ತು.

"ಅದ್ ಬ್ಯಾಡಕ್ಕ, ಲೂಸ್ ಆಗೈತೆ. ಗಟ್ಟಿದು ಕೊಡ್ತೀನಿ ತಡೀರಿ."

"ಲೂಸೇ ಇರ್ಲಿ."

"ಬೆರಳು ಗಿರಳು ಕುಯ್ದ್ಬಿಡ್ತೈತೆ."

"ಬೆರಳಿನ ವಿಷ್ಯ ನಮ್ಗ್ ಹೇಳ್ಕೊಡ್ಬೇಡಪ್ಪ" ಎಂದಳು ಅಮ್ಮ.

ಇದನ್ನು ಕಣ್ಣಾರೆ ಕಂಡೆ ಎಂದೇ ನಂಬಿದ್ದೆ. ಮೊನ್ನೆ ಅಮ್ಮನನ್ನು ಕೇಳಿದರೆ, ನೀನು ಬಂದಿರಲಿಲ್ಲ, ಗಾರ್ಮೆಂಟ್ಸ್ ಕೆಲಸ ಮುಗಿಸಿ ಒಬ್ಬಳೇ ಹೋಗಿದ್ದೆ ಎನ್ನುತ್ತಾಳೆ. ಹಾಗಾದರೆ ಸೆರಗು? "ಅದು ನಿಜ. ನಾನೇ ಹೇಳಿರ್ತೀನಿ, ನೀನು ನೋಡ್ದಂಗೆ ಮಾಡ್ಕೊಂಡಿದೀಯ." ಬಾಲ್ಯದ ನೆನಪು ಬರೆಯುವವರ ಮೇಲೆ ಇದ್ದ ಅಷ್ಟಿಷ್ಟು ಮರ್ಯಾದೆಯೂ ನನ್ನ ವಿಷಯದಲ್ಲೇ ಹೋಯಿತು.

ಮುಂದಿನದು ಮಾತ್ರ ನಾನು ಕಂಡದ್ದೇ, ಅಮ್ಮನೂ ಒಪ್ಪುತ್ತಾಳೆ. ಅವಳು ಆ ಚಾಕುವನ್ನು ಸೀಮೆಎಣ್ಣೆ ಹಾಕಿ ಉಜ್ಜಿ, ಒಗೆಯುವ ಕಲ್ಲಿನ ಮೇಲೆ ಮಸೆದಳು. ಜೇಬಿನೊಳಗೆ ತಾನಾಗಿ ತೆರೆದುಕೊಳ್ಳದ ಹಾಗೆ ಅಪ್ಪನ ಪ್ಯಾಂಟಿನ ಎಡ ಜೇಬಿನಲ್ಲಿ ಅದರ ಅಳತೆಗೆ ಸರಿಯಾಗಿ ಕಿರಿದಾದ ಇನ್ನೊಂದು ಜೇಬು ಹೊಲಿದಳು. ಬೆಳಿಗ್ಗೆ ಅಪ್ಪನ ಊಟದ ಡಬ್ಬಿಯ ಪಕ್ಕ ನೆಲದ ಮೇಲಿಟ್ಟು, ಒಲೆಯ ಕಡೆ ತಿರುಗಿಕೊಂಡಳು.

ಅಪ್ಪ ಅದನ್ನು ನೋಡಿದ. ನನ್ನನ್ನು ನೋಡಿದ. ನಾನು ತೆರೆದು ತೋರಿಸಲು ಹೊರಟಿದ್ದೆ. "ಇರು" ಎಂದು ತಾನೇ ಬಗ್ಗಿ ಎಡಗೈಯಿಂದ ಎತ್ತಿಕೊಂಡು ಝಾಡಿಸಿದ. ಟಕ್. ತೊಡೆಗೆ ಒತ್ತಿ ಮಡಚಿದ. ಮತ್ತೆ ಝಾಡಿಸಿದ. ಟಕ್. ಅಮ್ಮ ತಿರುಗಿ ನೋಡಲಿಲ್ಲ.

"ಇದೂ ಒಂದ್ ಚಾಕಾ?" ಎಂದು ಹೇಳಿ ಅಪ್ಪ ಅದನ್ನು ಹೊಸ ಜೇಬಿಗೆ ಇಳಿಸಿ ಕೆಲಸಕ್ಕೆ ಹೋದ.

ಮಳೆಗಾಲ ಹಿಡಿಯಿತು. ಓನರ್ ಅಪ್ಪನನ್ನು ಕೆಲಸದಿಂದ ತೆಗೆಯಲಿಲ್ಲ. ಸಾಕಾಗಿ ಬಿಡುವವರೆಗೂ ಅಪ್ಪ ಅದೇ ಸ್ಟೋರಿನಲ್ಲಿ ದುಡಿದ. ಬಿಟ್ಟ ಮೇಲೂ ಆ ಚಾಕು ಅವನ ಎಡ ಜೇಬಿನಲ್ಲೇ ಇತ್ತು. ಪ್ಯಾಂಟು ಹೊಸದಾದಾಗಲೆಲ್ಲ ಅಮ್ಮ ಒಳಜೇಬು ಹೊಲಿಯುತ್ತಿದ್ದಳು. ಅಪ್ಪ ಪ್ರತಿ ಸಲ ಅದನ್ನು ಬೈದೇ ಹೊರತೆಗೆಯುತ್ತಿದ್ದ.

ಈಚೆಗೆ ಅಪ್ಪ ಒಬ್ಬನೇ ಮೆಟ್ರೊ ಹತ್ತಲು ಹೋಗಿದ್ದಾಗ ತಪಾಸಣೆಯಲ್ಲಿ ಅದು ಸಿಕ್ಕಿತು. ಚಾಕು ಒಳಗೆ ಬಿಡುವುದಿಲ್ಲ ಎಂದರು. ಅವರ ನಿಯಮ ಅದು. ಮನೆಗೆ ವಾಪಸು ಬಂದು ಇಟ್ಟು ಹೋಗಬಹುದಿತ್ತು. ಅಪ್ಪ ಅಲ್ಲೇ ಕೊಟ್ಟು ರೈಲು ಹತ್ತಿದ. ಯಾಕೆ ಎಂದು ನಾನು ಕೇಳಿದರೆ, "ಈಗೇನ್ ಕುಯ್ಯೋದೈತೆ ನಂಗೆ?" ಎಂದ.

ಅದಕ್ಕೇ ನಾನು ಫೋನು ಹಿಡಿದು ಕೂತದ್ದು. ಗಡ್ಡದವರು ಹೊಗಳಿದ ಒಂದು ಚಾಕುವನ್ನೇ ತರಿಸಿದೆ. ಕೀಲು ಕಲ್ಲಿನಂತಿತ್ತು. ಕೀಲಿನ ತಿರುಪನ್ನು ಸಣ್ಣ ಸ್ಕ್ರೂಡ್ರೈವರಿನಿಂದ ಸಡಿಲ ಮಾಡುತ್ತ ಹೋದೆ, ಅಲಗು ಲೊಡಲೊಡ ಅನ್ನುವವರೆಗೆ. ನೋಡಿದ್ದರೆ ಅವರಲ್ಲಿ ಒಬ್ಬಿಬ್ಬರಾದರೂ ಅತ್ತಿರುತ್ತಿದ್ದರು. ಅದನ್ನು ಅಪ್ಪನ ಕುರ್ಚಿಯ ಪಕ್ಕ ನೆಲದ ಮೇಲಿಟ್ಟು ಕಾದೆ. ಇಷ್ಟು ಬೆಲೆಯ ವಸ್ತುವಿಗೆ ಬೈಗುಳವೂ ಅದಕ್ಕೆ ತಕ್ಕದ್ದೇ ಬರಬೇಕು ಎಂದು ನನ್ನ ಎಣಿಕೆ.

ಅಪ್ಪ ನಿಧಾನವಾಗಿ ಬಗ್ಗಿ ಎತ್ತಿಕೊಂಡ. ಝಾಡಿಸಿದ. ಟಕ್. ತೊಡೆಗೆ ಒತ್ತಿ ಮಡಚಿದ.

"ಚೆನ್ನಾಗೈತೆ ಕಣಮ್ಮ" ಎಂದ.

ನೆಂಟರು ತಂದ ಸ್ವೀಟಿಗೆ ಹೇಳುವ ಅದೇ ದನಿ. ಬೇಕಾದ ವಸ್ತುವನ್ನು ಮಾತ್ರ ಅಪ್ಪ ಬೈಯುತ್ತಿದ್ದ ಎಂಬುದು ನನಗೆ ಆಗ ಹೊಳೆಯಿತು. ಅವನು ಚಾಕುವನ್ನು ಅದರ ಡಬ್ಬದಲ್ಲಿ ಇಟ್ಟು, ಡಬ್ಬವನ್ನು ಟಿವಿಯ ಪಕ್ಕದಲ್ಲಿಟ್ಟು, ರಿಮೋಟ್ ಎತ್ತಿಕೊಂಡ.

"ಏನಂತೆ ನಿಮ್ಮಪ್ಪಂದು?" ಎಂದು ಅಡುಗೆಮನೆಯಿಂದ ಅಮ್ಮ ಕೇಳಿದಳು.

"ಚೆನ್ನಾಗಿದೆಯಂತೆ."

ಒಳಗೆ ಅವಳು ಈರುಳ್ಳಿ ಹೆಚ್ಚುತ್ತಿದ್ದ ಸದ್ದು ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಶುರುವಾಯಿತು.