ತಾಂಡೇಲರ ಕೆಂಪು ಕಾರು

ನಮ್ಮ ನೆರೆಮನೆಯವರು ತದಡಿ ಬಂದರದಲ್ಲಿ ಬೋಟು ನಡೆಸುವ ತಾಂಡೇಲರು. ಒತ್ತೊತ್ತಾಗಿ ನಿಂತ ಬೋಟುಗಳು ಒಂದಕ್ಕೊಂದು ಬಡಿಯದಂತೆ ಪಕ್ಕಕ್ಕೆ ಟಯರು ತೂಗುಬಿಡುತ್ತಾರಲ್ಲ, ಕೆಂಪು ಕಾರು ಕೊಂಡಮೇಲೆ ಅವರು ಅದಕ್ಕೂ ಹಾಗೇ ಮಾಡಿದರು! ಎಲ್ಲಿ ನಿಲ್ಲಿಸಿದರೂ, ಬಲೆ ತೇಲಲೆಂದು ಕಟ್ಟುವ ಮೆತ್ತನೆಯ ಗುಂಡುಗಳ ಮಾಲೆಯನ್ನು ಬಾಗಿಲ ಗಾಜಿಗೆ ಸಿಕ್ಕಿಸಿ ಇಳಿಬಿಡುವರು. ಜನ ನಕ್ಕರೆ ಒಂದೇ ಮಾತು: “ತಾಗ್ಲಿ ಮಾರಾಯಾ, ಬಡಿಯೂದು ಬ್ಯಾಡ.” ಅಷ್ಟಾದರೂ ಮದುವೆಯೂಟದ ನಡುವೆ ಎಂಜಲು ಕೈಯಲ್ಲೇ ಹೊರಗೆ ಬಂದು ಕಾರು ನೋಡಿ ಹೋಗುವರು.

ನಾನು ಹೊಸ ಕಾರು ತಂದ ಮರುದಿನವೇ ಕುಮಟೆಯಲ್ಲೊಂದು ಮದುವೆ. ಎದೆಯುಬ್ಬಿಸಿಕೊಂಡು ಅವರ ಕಾರಿನ ಪಕ್ಕದಲ್ಲೇ ನಿಲ್ಲಿಸಿದೆ. ಅಷ್ಟರಲ್ಲಿ ದಿಬ್ಬಣದ ಜೀಪೊಂದು ನನ್ನ ಕಾರಿನ ತೀರ ಹತ್ತಿರಕ್ಕೇ ಬಂದು ನಿಂತಿತು. ತಾಂಡೇಲರು ಓಡಿಬಂದು ತಮ್ಮ ಮಾಲೆ ಬಿಚ್ಚಿ ನನ್ನ ಬಾಗಿಲಿಗೆ ಇಳಿಬಿಟ್ಟರು. ಜೀಪಿನ ಬಾಗಿಲು ರಪ್ಪೆಂದು ತೆರೆದು, ಗುಂಡುಗಳಿಗೆ ತಾಗಿ, ಮೆತ್ತಗೆ ಹಿಂದೆ ಸರಿಯಿತು. ನಾನು ಕುಣಿದೇಬಿಟ್ಟೆ!

“ನಿಮ್ಮ ಕಾರಿಗೆಂತ ಅಣ್ಣಾ?” ಎನ್ನುವಷ್ಟರಲ್ಲಿ ಅವರ ಕಾರಿನ ಆಚೆ ಬದಿಗೆ, ಮಾಲೆ ಬಿಚ್ಚಿದ ಜಾಗಕ್ಕೇ, ಇನ್ಯಾರದೋ ಬಾಗಿಲು ಟಕ್ಕೆಂದು ಬಡಿಯಿತು. ಉಗುರಗಲದ ತಗ್ಗು. ತಾಂಡೇಲರು ಅದರ ಮೇಲೆ ಬೆರಳಾಡಿಸಿ ದೊಡ್ಡದಾಗಿ ನಕ್ಕರು.

“ಆತು! ಬಡಿಯೂದು ಬಡದೇ ಹೋತು, ಇನ್ನು ಕಾಯೂದೆಂತ? ಇವತ್ತು ಊಟ ರುಚಿ ಹತ್ತೂದು. ಮಾಲೆ ನೀನೇ ಇಟ್ಕೊ.”

ಅಂದು ಎಂಜಲು ಕೈಯಲ್ಲಿ ಹೊರಗೆ ಓಡಿದವನು ನಾನು.