ಅದು, ಇದು ಎನ್ನುವ ಪ್ರಭಾಕರ್ ಸರ್

ಪ್ರಭಾಕರ್ ಸರ್ ಯಾವುದನ್ನೂ ಹೆಸರು ಹಿಡಿದು ಹೇಳಿದವರಲ್ಲ. ಗದ್ದ ಎತ್ತಿ ತೋರಿಸುತ್ತಿದ್ದರು. ಗದ್ದ ಬಾಗಿಲತ್ತ ತಿರುಗಿದರೆ ಬಾಗಿಲು ಹಾಕಬೇಕೋ ಚಹಾ ತರಿಸಬೇಕೋ, ನಾವೇ ಊಹಿಸಬೇಕು. ಫೋನಿನಲ್ಲಿ ಮಾತಾಡುವಾಗಲೂ ಆ ಗದ್ದ ಏಳುತ್ತಿತ್ತು, ಆ ಕಡೆಯವರಿಗೆ ಕಾಣುತ್ತದೆ ಎಂಬಂತೆ.

ನಾನು ಕೆಲಸಕ್ಕಿದ್ದದ್ದು ಸಾಗರದ ಅವರ ಕಂಪ್ಯೂಟರ್ ಆಫೀಸಿನಲ್ಲಿ. ಅದಕ್ಕೆ ಹೆಸರಿಡಲು ಇಬ್ಬರು ಜೋಯಿಸರನ್ನು ಕೇಳಿದ್ದ ಮನುಷ್ಯ, ಒಳಗಿನ ಸರ್ವರ್ ಕಂಪ್ಯೂಟರಿಗೆ ಒಂದು ನಿಮಿಷವನ್ನೂ ಕೊಡಲಿಲ್ಲ. ಆ ಒಂದೇ ಸರ್ವರಿನಲ್ಲಿ ನಾಲ್ಕು ವರ್ಚುವಲ್ ಮಷೀನುಗಳು, ಒಂದರ ಹೊಟ್ಟೆಯೊಳಗೆ ನಾಲ್ಕು ಕಂಪ್ಯೂಟರುಗಳಿದ್ದಂತೆ, ಓಡುತ್ತಿದ್ದವು. ರಿಪ್ಪನ್‌ಪೇಟೆಯ ಅಂಗಡಿಯೊಂದರ ಲೆಕ್ಕಪತ್ರಕ್ಕೆ ಒಂದು, ಹೊಸನಗರದ ಸ್ಟುಡಿಯೋದ ಫೋಟೋಗಳಿಗೆ ಒಂದು, ಹೀಗೆ. ದೊಡ್ಡ ಡಿಸ್ಕನ್ನು ಪಾಲು ಮಾಡಿ ಒಂದೊಂದು ಮಷೀನಿಗೆ ಒಂದೊಂದು ಲಾಜಿಕಲ್ ವಾಲ್ಯೂಮ್ ಕೊಡಬೇಕು, ಪ್ರತಿ ಪಾಲಿಗೂ ಒಂದು ಹೆಸರು ಬೇಕು. ಊರು, ಕೆಲಸ ಎರಡನ್ನೂ ಸೇರಿಸಿ ಇಡೋಣ ಎಂದೆ.

“ಎಂತ, ನಾಮಕರಣವಾ? ತೊಟ್ಟಿಲು ಕಟ್ಸೋದಾ?” ಎಂದು ನಕ್ಕು ತಾವೇ ಟೈಪು ಮಾಡಿದರು: ಇದು, ಅದು, ಇನ್ನೊಂದು, ಮತ್ತೊಂದು. “ನಂಗೆ ಗೊತ್ತಿದ್ರೆ ಸಾಕು.”

ಗೊತ್ತಿರಲಿಲ್ಲ. ವಾರಕ್ಕೊಮ್ಮೆ ನನ್ನನ್ನೇ ಕೇಳುತ್ತಿದ್ದರು. ಯಾವುದು ಯಾರದೆಂದು ಬರೆದು ಗೋಡೆಗೆ ಅಂಟಿಸಿದ ಚೀಟಿಯನ್ನು “ಅಸಹ್ಯ ಕಾಣ್ತದೆ” ಎಂದು ಕಿತ್ತರು.

‘ಅದು’ವಿನೊಳಗೆ ತೀರ್ಥಹಳ್ಳಿಯ ನಿವೃತ್ತ ಮೇಷ್ಟ್ರೊಬ್ಬರ ದನಿಯಿತ್ತು. ಗಂಟಲಿನ ಆಪರೇಷನ್ ಆಗಿ ಅವರ ಮಾತು ನಿಂತುಹೋಗಿತ್ತು. ಹಿಂದೆ ತರಗತಿಯಲ್ಲಿ ರೆಕಾರ್ಡ್ ಮಾಡಿದ್ದ ಪಾಠಗಳ ಕ್ಯಾಸೆಟ್‌ಗಳನ್ನು, ಮೊಮ್ಮಗಳು ಕೇಳಲಿ ಎಂದು ತಂದುಕೊಟ್ಟಿದ್ದರು. ಕಂಪ್ಯೂಟರಿಗೆ ಇಳಿಸಿದವಳು ನಾನು. ಇಳಿಸಿದ್ದೇ ತಡ, ಬೂಷ್ಟು ಹಿಡಿದಿದೆಯೆಂದು ಸರ್ ಕ್ಯಾಸೆಟ್‌ಗಳನ್ನು ಎಸೆಯಿಸಿದರು.

ಒಂದು ದಿನ ಡಿಸ್ಕಿನಲ್ಲಿ ಜಾಗ ಮುಗಿಯಿತು. ಹೊಸನಗರಕ್ಕೆ ಹೋಗಿದ್ದ ಸರ್‌ಗೆ ಫೋನ್ ಮಾಡಿದೆ.

“ಅದು ತೆಗಿ.”

“ಯಾವ್ದು ಸರ್?”

“ಅದೇ ಮಾರಾಯ್ತಿ, ಅದು! ಎಷ್ಟು ಸಲ ಹೇಳೋದು?”

ಮತ್ತೆ ಕೇಳುವ ಧೈರ್ಯವಾಗದೆ ‘ಅದು’ ಎಂಬ ಹೆಸರಿನದನ್ನೇ ತೆಗೆದೆ. ಅವರ ಮನಸ್ಸಿನಲ್ಲಿದ್ದದ್ದು ‘ಮತ್ತೊಂದು’ ಎಂದು ಸಂಜೆ ತಿಳಿಯಿತು. ಬ್ಯಾಕಪ್ ಇರಲಿಲ್ಲ. ಅದಕ್ಕೆ ಅವರ ಗದ್ದ ಎಂದೂ ಎದ್ದಿರಲಿಲ್ಲ.

ಮೇಷ್ಟ್ರು ಬಂದಾಗ ಸರ್ ಎದ್ದು ನಿಂತು ಕೈಮುಗಿದರು. “ಇವ್ಳು ಅಳಿಸಿಬಿಟ್ಲು ಸಾರ್. ನಾ ತೆಗಿ ಅಂದಿದ್ದು ಓಪನ್ ಮಾಡು ಅಂತ.”

ಇಷ್ಟು ಸಣ್ಣ ಮನುಷ್ಯನನ್ನು ನಾನು ಎರಡು ವರ್ಷ ಸರ್ ಎಂದು ಕರೆದಿದ್ದೆ!

ಮೇಷ್ಟ್ರು ಜಗಳವಾಡಲಿಲ್ಲ. ಚೀಟಿಯೊಂದರಲ್ಲಿ ದುಂಡಗೆ ಬರೆದು ಮೇಜಿನ ಮೇಲಿಟ್ಟರು: ‘ನೀವಾದರೂ ಕೇಳಿದ್ದಿರಾ?’

“ಕೇಳಿದ್ದೆ ಸಾರ್, ಫಸ್ಟ್ ಕ್ಲಾಸಾಗಿತ್ತು” ಎಂದರು ಸರ್.

ಅವರು ಒಂದು ನಿಮಿಷವೂ ಕೇಳಿರಲಿಲ್ಲ. ಕೇಳಿದ್ದವಳು ನಾನು. ಮೇಷ್ಟ್ರು ಪಾಠದ ನಡುವೆ ತಮಗೆ ತಾವೇ ನಗುತ್ತಿದ್ದದ್ದು, “ತಿಳೀತೇನ್ರೋ?” ಎಂದು ಕೇಳಿ ಉತ್ತರಕ್ಕೆ ಕಾಯುತ್ತಿದ್ದದ್ದು, ಎಲ್ಲ ನೆನಪಿತ್ತು. ಅಷ್ಟನ್ನು ಹೇಳಿದ್ದರೂ ಸಾಕಿತ್ತು. ಅಳಿಸಿದ ಕೈ ನನ್ನದೆಂದು ಹೆದರಿ ಸುಮ್ಮನಿದ್ದೆ.

ಮಾರನೆಯ ದಿನವೇ ಕೆಲಸ ಬಿಟ್ಟೆ. ಸರ್ ಮುಖ ಮತ್ತೆ ನೋಡಿಲ್ಲ, ನೆನೆದರೆ ಇಂದಿಗೂ ಹೇಸಿಗೆಯಾಗುತ್ತದೆ. ಆದರೆ ಆ ದಿನ ಚೀಟಿ ಬರೆದಿಟ್ಟು ಮೇಷ್ಟ್ರು ನೋಡುತ್ತಿದ್ದದ್ದು ನನ್ನ ಮುಖವನ್ನು.